ತುಮಕೂರು ರಸ್ತೆಯ ಬೆಂಜ್

ಐವತ್ತು ಅರವತ್ತು ವರ್ಷಗಳ ಹಿಂದೆ ಬೆಂಗಳೂರಿನ ಉತ್ತರ ಭಾಗದಲ್ಲಿ ಯಾರಾದರೂ ‘ಬೆಂಜ್’ ಎಂದರೆ ಕೇಳಿದವರ ಕಣ್ಣಮುಂದೆ ಬರುತ್ತಿದ್ದುದು ಲಾರಿ, ಕಾರಲ್ಲ. ಯಶವಂತಪುರದಲ್ಲಿ ಸರಕು ತುಂಬಿಕೊಂಡು ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆ ಹಿಡಿಯುತ್ತಿದ್ದ ಉದ್ದ ಮೂತಿಯ ಲಾರಿ. ಆ ಮೂತಿಯ ತುದಿಯಲ್ಲಿ ವೃತ್ತದೊಳಗೊಂದು ಮೂರು ಮೊನೆಯ ನಕ್ಷತ್ರ. ಅದೇ ನಕ್ಷತ್ರ ಇಂದು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣದತ್ತ ಸದ್ದಿಲ್ಲದೆ ಸರಿದುಹೋಗುವ ಕಾರುಗಳ ಮೂಗಿನ ಮೇಲಿದೆ. ಕಂಪನಿ ಒಂದೇ, ಗುರುತೂ ಒಂದೇ. ಆದರೆ ಹಳೆಯ ಬೆಂಜ್ ಕೆಟ್ಟು ನಿಂತರೆ ರಸ್ತೆಯ ಬದಿಯ ಮೇಸ್ತ್ರಿ ಅದರ ಹೊಟ್ಟೆ ಬಗೆದು ಸರಿಮಾಡಿ ಕಳಿಸುತ್ತಿದ್ದ. ಹೊಸದನ್ನು ಅವನು ಮುಟ್ಟುವುದೇ ಕಷ್ಟ. ಹಳೆಯ ಮತ್ತು ಹೊಸ ಮಾದರಿಗಳ ಗುಣಾವಗುಣ ಅಳೆಯುವವರು ವೇಗ, ಮೈಲೇಜು, ಆಸನದ ಮೆತ್ತೆಗಳನ್ನು ಲೆಕ್ಕ ಹಾಕುತ್ತಾರೆ. ರಿಪೇರಿಯ ಈ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬ ಲೆಕ್ಕ ಅಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಈ ನಕ್ಷತ್ರ ಭಾರತದ ಹೆದ್ದಾರಿಗೆ ಬಂದದ್ದು ಜಮ್‌ಷೆಡ್‌ಪುರದ ಮೂಲಕ. ಟಾಟಾ ಸಮೂಹದ ಟೆಲ್ಕೊ ಕಂಪನಿ 1945ರಲ್ಲಿ ಹುಟ್ಟಿದ್ದು ರೈಲು ಎಂಜಿನ್ ತಯಾರಿಸಲೆಂದು. 1954ರಲ್ಲಿ ಅದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಕೆಗೆ ಇಳಿಯಿತು. ಆ ವರ್ಷವೇ ಮೊದಲ ಲಾರಿ ಕಾರ್ಖಾನೆಯಿಂದ ಹೊರಬಂತು. ಒಳಗಿದ್ದುದು ಆರು ಸಿಲಿಂಡರಿನ, ಸುಮಾರು ನಾಲ್ಕೂವರೆ ಲೀಟರಿನ ‘ಓಎಂ 312’ ಎಂಬ ಡೀಸೆಲ್ ಎಂಜಿನ್. ಓಎಂ ಎಂದರೆ ಜರ್ಮನ್ ಭಾಷೆಯಲ್ಲಿ ‘ಎಣ್ಣೆ ಎಂಜಿನ್’. ಅಂದಿನ ಭಾರತದ ರಸ್ತೆಗಳಿಗೆ ಪೆಟ್ರೋಲು ಲಾರಿಗಿಂತ ಈ ಎಣ್ಣೆ ಲಾರಿ ಹೆಚ್ಚು ಒಗ್ಗಿತು. ಇಂಧನ ಅಗ್ಗ, ಎಳೆತ ಜಾಸ್ತಿ, ಚಾಸಿ ಗಟ್ಟಿ. ಮಾಲೀಕರು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಭಾರ ಹೇರಿದರೂ ಅದು ಗೊಣಗದೆ ಎಳೆಯಿತು.

ಹಾಗೆ ನೋಡಿದರೆ ಮೈಸೂರು ಸಂಸ್ಥಾನಕ್ಕೆ ಮೋಟಾರು ಕಾರ್ಖಾನೆಯ ಭಾಗ್ಯ ಇದಕ್ಕೂ ಮೊದಲೇ ಒದಗಬೇಕಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಕಾರು ತಯಾರಿಕೆಯ ಯೋಜನೆ ಸಿದ್ಧಪಡಿಸಿದ್ದರು. ಅದು ಬೆಂಗಳೂರಿನಲ್ಲಿ ನೆಲೆಯೂರಬೇಕೆಂಬ ಮಾತು ಬಂದಾಗ ಮೈಸೂರು ಸರ್ಕಾರವೂ ಬಂಡವಾಳ ಹಾಕಲು ಮುಂದಾಗಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯೋಜನೆಯ ಬೆನ್ನಿಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದರು. ಕಾರಿನ ಕಾರ್ಖಾನೆ ಮಾತ್ರ 1944ರಲ್ಲಿ ‘ಪ್ರೀಮಿಯರ್’ ಎಂಬ ಹೆಸರು ಹೊತ್ತು ಮುಂಬಯಿಯ ಪಾಲಾಯಿತು.

ಹೀಗೆ ಕಾರು ಕಟ್ಟುವ ಊರಾಗುವುದು ತಪ್ಪಿಹೋದ ಬೆಂಗಳೂರು ವಾಹನಗಳ ಒಳಗಿನ ಸೂಕ್ಷ್ಮ ಭಾಗಗಳನ್ನು ಮಾಡುವ ಊರಾಯಿತು. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ‘ಮೋಟಾರ್ ಇಂಡಸ್ಟ್ರೀಸ್ ಕಂಪನಿ’, ಅಂದರೆ ಎಲ್ಲರ ಬಾಯಲ್ಲಿ ‘ಮೈಕೋ’, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿತು. ಡೀಸೆಲ್ ಎಂಜಿನ್ನಿಗೆ ಈ ಪಂಪು ಹೃದಯವಿದ್ದಂತೆ. ಉತ್ತರದ ಯಲಹಂಕದಲ್ಲಿ ಜರ್ಮನಿಯ ಇನ್ನೊಂದು ಹಳೆಯ ಹೆಸರು ಹೊತ್ತ ‘ಗೋಟ್ಸೆ’ ಕಂಪನಿ ಪಿಸ್ಟನ್ನು, ಪಿಸ್ಟನ್ ರಿಂಗುಗಳ ಕಾರ್ಖಾನೆ ತೆರೆಯಿತು. ಬೆಂಜ್ ಲಾರಿಯ ನಕ್ಷೆ ಸ್ಟುಟ್‌ಗಾರ್ಟಿನದು, ಜೋಡಣೆ ಜಮ್‌ಷೆಡ್‌ಪುರದ್ದು. ಆದರೆ ಬೇಗ ಸವೆಯುವಂಥ ಭಾಗಗಳನ್ನು ಮಾಡಬಲ್ಲ ಕೈಗಳು ಇದೇ ಊರಿನಲ್ಲಿದ್ದವು. ಡೀಸೆಲ್ ಲಾರಿಯ ರಿಪೇರಿ ಇಲ್ಲಿ ಅಷ್ಟು ಆಳವಾಗಿ ಬೇರು ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

1969ರಲ್ಲಿ ಒಪ್ಪಂದದ ಅವಧಿ ಮುಗಿಯಿತು. ಲಾರಿಯ ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾದ ‘ಟಿ’ ಅಕ್ಷರ ಕುಳಿತಿತು. ಲಾರಿ ಮಾತ್ರ ಬದಲಾಗಲಿಲ್ಲ. ಜನರ ಬಾಯಲ್ಲಿ ಅದು ಬಹಳ ಕಾಲ ‘ಟಾಟಾ ಬೆಂಜ್’ ಆಗಿಯೇ ಉಳಿಯಿತು. ಡೈಮ್ಲರ್ ಕಂಪನಿಯೂ ಟಾಟಾದಲ್ಲಿದ್ದ ತನ್ನ ಷೇರುಗಳನ್ನು ಪೂರ್ತಿಯಾಗಿ ಮಾರಿದ್ದು 2010ರಲ್ಲಿ. ಲಾರಿಯ ಹೆಸರಿನಲ್ಲಿಯೂ ಜರ್ಮನಿಯ ಗುರುತು ಉಳಿದಿತ್ತು. ‘1210’ ಎಂಬ ಪ್ರಸಿದ್ಧ ಮಾದರಿಯನ್ನೇ ನೋಡಿ. ಮೊದಲೆರಡು ಅಂಕೆ ಸರಕಿನೊಂದಿಗೆ ಲಾರಿಯ ಒಟ್ಟು ತೂಕ, ಸುಮಾರು 12 ಟನ್. ಉಳಿದೆರಡನ್ನು ಹತ್ತರಿಂದ ಗುಣಿಸಿದರೆ ಅಶ್ವಶಕ್ತಿ, ಸುಮಾರು 100. ಬೆಂಜ್ ಲಾರಿಗಳಿಗೆ ಅಂಕೆ ಕೊಡುವ ಕ್ರಮವೇ ಇದು. 1986ರಲ್ಲಿ ಬಂದ ಟಾಟಾದ ‘407’ ಎಂಬ ಪುಟ್ಟ ಲಾರಿಯೂ ಅದೇ ರೂಢಿಯ ಕೂಸು. ‘ಫೋರ್ ನಾಟ್ ಸೆವೆನ್’ ಎಂದು ಹಳ್ಳಿಹಳ್ಳಿಯಲ್ಲೂ ಕರೆಯುವವರಿಗೆ ತಾವು ಸ್ಟುಟ್‌ಗಾರ್ಟಿನ ಲೆಕ್ಕ ಒಪ್ಪಿಸುತ್ತಿದ್ದೇವೆಂಬ ಅರಿವಿರಲು ಕಾರಣವಿಲ್ಲ.

ಲಾರಿಗಳ ಹಿಂದೆ ರಿಪೇರಿಯ ಒಂದು ಲೋಕವೇ ಬೆಳೆಯಿತು. ಯಶವಂತಪುರ ರೈಲು ಜಂಕ್ಷನ್ನು, ಅಲ್ಲಿಯ ಎಪಿಎಂಸಿ ಮಾರುಕಟ್ಟೆ, ಟ್ರಕ್ ಟರ್ಮಿನಲ್, ಮುಂದೆ ಪೀಣ್ಯದ ಕೈಗಾರಿಕಾ ವಸಾಹತು, ಇವಿಷ್ಟೂ ಒಂದೇ ರಸ್ತೆಗೆ ಅಂಟಿಕೊಂಡಂತೆ ಇವೆ. ಲಾರಿ ನಿಲ್ಲುವಲ್ಲಿ ಟೀ ಅಂಗಡಿ ಹುಟ್ಟುವಂತೆ ಗ್ಯಾರೇಜೂ ಹುಟ್ಟುತ್ತದೆ. ಪಂಕ್ಚರಿನವನು, ಪಟ್ಟಾ ಕಟ್ಟುವವನು, ವೆಲ್ಡಿಂಗಿನವನು, ಲೇತ್ ಮಷಿನ್ನಿನವನು, ಡೈನಮೊ ಬಿಚ್ಚುವವನು, ಪಂಪು ನಾಝಲ್ ನೋಡುವವನು, ಹೀಗೆ ಒಂದೊಂದು ಅಂಗಕ್ಕೆ ಒಬ್ಬೊಬ್ಬ ವೈದ್ಯ. ಅವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತವರಲ್ಲ. ಹತ್ತು ಹನ್ನೆರಡರ ವಯಸ್ಸಿಗೆ ‘ಹುಡುಗ’ನಾಗಿ ಸೇರಿ, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತ, ಸ್ಪ್ಯಾನರಿನ ನಂಬರು ಕೂಗಿದೊಡನೆ ಕೈಗಿಡುತ್ತ, ಏಟು ತಿನ್ನುತ್ತ, ಇಪ್ಪತ್ತಕ್ಕೆ ಮೇಸ್ತ್ರಿಯಾದವರು. ಈ ವ್ಯವಸ್ಥೆಯನ್ನು ಹೊಗಳುವವರು ಆ ಬಾಲಕರು ಕಳೆದುಕೊಂಡ ಶಾಲೆಯನ್ನೂ, ಸುಟ್ಟ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಆದರೆ ಅವರ ಬಳಿ ಇದ್ದುದು ನಿಜವಾದ ವಿದ್ಯೆ. ಹೊಗೆಯ ಬಣ್ಣ ಕಂಡು ರೋಗ ಹೇಳುವುದು ಅದರ ಮೊದಲ ಪಾಠ. ಕಪ್ಪು ಹೊಗೆ ಬಂದರೆ ಎಣ್ಣೆ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರು ಕಟ್ಟಿರಬಹುದು, ನಾಝಲ್ ಸೋರುತ್ತಿರಬಹುದು. ನೀಲಿ ಹೊಗೆ ಬಂದರೆ ‘ಗಾಡಿ ಆಯಿಲ್ ಕುಡೀತಿದೆ’, ಅಂದರೆ ರಿಂಗು ಸವೆದು ಎಂಜಿನ್ ಆಯಿಲ್ ಸಿಲಿಂಡರಿನೊಳಗೆ ನುಗ್ಗಿ ಉರಿಯುತ್ತಿದೆ. ಬಿಳಿ ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಬರುತ್ತಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೈಗೆ ತಾಗಿಸಿ ಹಿಡಿಕೆಗೆ ಕಿವಿಗೊಟ್ಟರೆ ಅದೇ ಸ್ಟೆಥಾಸ್ಕೋಪು. ಆರು ಸಿಲಿಂಡರುಗಳಲ್ಲಿ ಯಾವುದು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಇನ್ನೊಂದು ಸರಳ ಉಪಾಯವಿತ್ತು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ನಾಝಲ್ಲಿಗೆ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು. ನಟ್ಟು ಸಡಿಲವಾದೊಡನೆ ಎಂಜಿನ್ನಿನ ಲಯ ತಪ್ಪಿದರೆ ಆ ಸಿಲಿಂಡರು ಸರಿಯಿದೆ. ಏನೂ ಬದಲಾಗದಿದ್ದರೆ ಅಲ್ಲೇ ರೋಗ. ಇದಕ್ಕೆ ಬೇಕಾದ ಉಪಕರಣ ಒಂದೇ ಒಂದು ಸ್ಪ್ಯಾನರು.

ಮೋಟಾರು ವಾಹನದ ಚರಿತ್ರೆಯ ಮೊದಲ ದೂರಪಯಣವೇ ಇಂಥ ರಸ್ತೆ ಬದಿಯ ರಿಪೇರಿಯಿಂದ ಮುಂದೆ ಸಾಗಿದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಬಂಡಿಗೆ ಪೇಟೆಂಟ್ ಕೇಳಿದ್ದು 1886ರ ಜನವರಿಯಲ್ಲಿ. ಕೊಳ್ಳುವವರು ಮುಂದೆ ಬರದಿದ್ದಾಗ ಅವನ ಹೆಂಡತಿ ಬರ್ತಾ 1888ರ ಆಗಸ್ಟಿನಲ್ಲಿ ಗಂಡನಿಗೆ ತಿಳಿಸದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ನೂರು ಕಿಲೋಮೀಟರು ಆಚೆಯ ತವರಿಗೆ ಹೊರಟೇಬಿಟ್ಟಳು. ದಾರಿಯಲ್ಲಿ ಔಷಧದಂಗಡಿಯಿಂದ ಇಂಧನ ಕೊಂಡಳು. ಕಟ್ಟಿಕೊಂಡ ನಾಳವನ್ನು ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಸರಪಳಿಯನ್ನು ಕಮ್ಮಾರ ಸರಿಮಾಡಿಕೊಟ್ಟ, ಸವೆದ ಬ್ರೇಕಿನ ಕಟ್ಟಿಗೆಗೆ ಚಮ್ಮಾರ ಚರ್ಮ ಹೊಡೆದುಕೊಟ್ಟ. ಬೆಂಜ್ ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇದು.

ಲಾರಿಯ ನಕ್ಷತ್ರ ಹೋದ ವರ್ಷವೇ ಜರ್ಮನಿಯ ಇನ್ನೊಂದು ಕವಲು ಇಲ್ಲಿ ಚಿಗುರಿತು. ಹ್ಯಾಂಬರ್ಗಿನ ‘ಟೆಂಪೋ’ ಕಂಪನಿಯ ಸಹಯೋಗದಲ್ಲಿ 1958ರಿಂದ ಮಹಾರಾಷ್ಟ್ರದಲ್ಲಿ ಬಜಾಜ್ ಟೆಂಪೋ ಕಂಪನಿ ಮೂರು ಗಾಲಿಯ ಸರಕುಗಾಡಿ ತಯಾರಿಸುತ್ತಿತ್ತು. ‘ಹ್ಯಾನ್ಸಿಯಾಟ್’ ಎಂಬ ಅದರ ನಿಜನಾಮ ಯಾರಿಗೂ ಬೇಕಾಗಲಿಲ್ಲ. ಕಂಪನಿಯ ಹೆಸರೇ ಗಾಡಿಯ ಹೆಸರಾಗಿ, ‘ಟೆಂಪೋ’ ಎಂಬುದು ಕನ್ನಡದ ಪದವೇ ಆಗಿಹೋಯಿತು. ಇಂದು ಯಾವ ಕಂಪನಿಯ ಸಣ್ಣ ಸರಕುಗಾಡಿಯನ್ನಾದರೂ ಜನ ಟೆಂಪೋ ಎನ್ನುತ್ತಾರೆ. 1969ರಲ್ಲಿ ಅದೇ ಕಂಪನಿಯಿಂದ ನಾಲ್ಕು ಗಾಲಿಯ ‘ಮೆಟಡೋರ್’ ಬಂತು. ಜರ್ಮನಿಯಲ್ಲಿ ಈ ವೇಳೆಗೆ ಟೆಂಪೋ ಕಂಪನಿ ಕೈಯಿಂದ ಕೈಗೆ ದಾಟಿ ಡೈಮ್ಲರ್ ಬೆಂಜ್ ತೆಕ್ಕೆಗೆ ಬೀಳುತ್ತಿತ್ತು. ಇಲ್ಲಿ ಮೆಟಡೋರ್ ಎಂದು ಓಡುತ್ತಿದ್ದ ವ್ಯಾನಿನ ದಾಯಾದಿಗಳು ಅಲ್ಲಿ ಮೂಗಿಗೆ ನಕ್ಷತ್ರ ಧರಿಸಿ ಮರ್ಸಿಡಿಸ್ ಬೆಂಜ್ ಎಂದೇ ಮಾರಾಟವಾದವು.

ಬೆಂಗಳೂರಿನ ಹೊರವಲಯ ಬೆಳೆದದ್ದರಲ್ಲಿ ಮೆಟಡೋರಿನ ಪಾಲು ದೊಡ್ಡದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆಯಿಂದ ತರಕಾರಿ, ಹೂವು ತರುವುದಕ್ಕೆ, ಶಾಲೆಯ ಮಕ್ಕಳನ್ನು ಒಯ್ಯುವುದಕ್ಕೆ, ಮದುವೆಯ ದಿಬ್ಬಣಕ್ಕೆ, ಬಸ್ಸಿಲ್ಲದ ಹೊತ್ತಿನಲ್ಲಿ ಯಲಹಂಕದಿಂದ ಪೇಟೆಗೆ, ಹೀಗೆ ಎಲ್ಲಕ್ಕೂ ಅದು ಒದಗಿತು. ಚರಿತ್ರೆಯ ದೃಷ್ಟಿಯಿಂದ ಕುತೂಹಲದ ಸಂಗತಿ ಅದರ ಎಂಜಿನ್. 1982ರಲ್ಲಿ ಬಜಾಜ್ ಟೆಂಪೋ ಕಂಪನಿ ‘ಓಎಂ 616’ ಎಂಬ ಬೆಂಜ್ ಎಂಜಿನ್ನನ್ನು ಇಲ್ಲೇ ತಯಾರಿಸುವ ಒಪ್ಪಂದ ಮಾಡಿಕೊಂಡಿತು. ನಾಲ್ಕು ಸಿಲಿಂಡರಿನ, 2.4 ಲೀಟರಿನ ಈ ಎಂಜಿನ್ ಜರ್ಮನಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಾಂತರ ಕಿಲೋಮೀಟರು ಓಡಿ ಹೆಸರಾದ ‘240 ಡಿ’ ಕಾರಿನದು. ‘ಡಬ್ಲ್ಯೂ 123’ ಎಂಬ ಸಂಕೇತದ ಆ ಕಾರಿನ ಪೀಳಿಗೆ 1975ರ ಕೊನೆಯಿಂದ ಹತ್ತು ವರ್ಷಗಳಲ್ಲಿ ಸುಮಾರು 27 ಲಕ್ಷ ಸಂಖ್ಯೆಯಲ್ಲಿ ತಯಾರಾಯಿತು. ಬೆಂಜ್ ಕಾರನ್ನು ಕನಸಿನಲ್ಲೂ ಏರದ ಜನ ಬೆಂಗಳೂರಿನಲ್ಲಿ ಬೆಂಜ್ ಕಾರಿನ ಎಂಜಿನ್ನಿನ ಮೇಲೆಯೇ ಕುಳಿತು ಓಡಾಡಿದರು! ಮೆಟಡೋರಿನಲ್ಲಿ ಎಂಜಿನ್ ಇದ್ದುದು ಮುಂದಿನ ಆಸನಗಳ ಮಗ್ಗುಲಲ್ಲೇ. ಅದರ ಬಿಸಿ ಕಾಲಿಗೆ ತಟ್ಟುತ್ತಿತ್ತು.

ಈ ಎಂಜಿನ್ನಿನ ಗುಟ್ಟು ಅದರ ತಾಳ್ಮೆ. ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸದೆ ಪಕ್ಕದಲ್ಲಿರುವ ಒಂದು ಪುಟ್ಟ ಕೋಣೆಗೆ ಚಿಮ್ಮಿಸಿ, ಅಲ್ಲಿ ಹೊತ್ತಿಕೊಂಡ ಬೆಂಕಿಯನ್ನು ಸಿಲಿಂಡರಿಗೆ ಬಿಡುವ ವ್ಯವಸ್ಥೆ ಅದು. ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ ಎಂಬ ಎಂಜಿನಿಯರ್ 1909ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸ್ಫೋಟ ಮೃದುವಾಗುವುದರಿಂದ ಎಂಜಿನ್ನಿನ ಮೇಲೆ ಪೆಟ್ಟು ಕಡಿಮೆ. ನಾಝಲ್ ತೆರೆದುಕೊಳ್ಳುವುದು ಸುಮಾರು 120 ಬಾರ್ ಒತ್ತಡಕ್ಕೆ, ಅಂದರೆ ಗಾಳಿಯ ಸಹಜ ಒತ್ತಡದ ಸುಮಾರು 120 ಪಟ್ಟು. ಕೇಳಲು ದೊಡ್ಡದೆನಿಸಿದರೂ ಮೇಜಿನ ಮೇಲೆ ಕೂರಿಸಿದ ಕೈಪಂಪಿನಿಂದ ಇಷ್ಟು ಒತ್ತಡ ತರಿಸಬಹುದು. ಹಾಗಾಗಿ ಸಣ್ಣ ಅಂಗಡಿಯವನೂ ನಾಝಲ್ಲನ್ನು ಬಿಚ್ಚಿ, ಪಂಪಿಗೆ ಸಿಕ್ಕಿಸಿ, ಎಣ್ಣೆ ಮಂಜಿನಂತೆ ಹರಡುತ್ತದೆಯೋ ಹನಿಯುತ್ತದೆಯೋ ಎಂದು ಕಣ್ಣಾರೆ ನೋಡಿ ಸರಿಮಾಡುತ್ತಿದ್ದ. ಜರ್ಮನಿಯ ಕಾರುಗಳಿಂದ ಈ ಎಂಜಿನ್ 1980ರ ದಶಕದಲ್ಲೇ ಮರೆಯಾಯಿತು. ಇಲ್ಲಿ ಅದರ ಸಂತತಿ ಟ್ರ್ಯಾಕ್ಸ್ ಜೀಪುಗಳಲ್ಲಿ, 1987ರಲ್ಲಿ ಬಂದ ‘ಟ್ರಾವೆಲರ್’ ವ್ಯಾನುಗಳಲ್ಲಿ ದಶಕಗಟ್ಟಲೆ ದುಡಿಯಿತು. ಎಲ್ಲರ ಬಾಯಲ್ಲಿ ‘ಟಿಟಿ’ಯಾಗಿರುವ ಟೆಂಪೋ ಟ್ರಾವೆಲರ್ ಕೂಡ ಮೂಲದಲ್ಲಿ ಬೆಂಜ್ ಕಂಪನಿಯ ವ್ಯಾನು. 1977ರಿಂದ ಜರ್ಮನಿಯ ಬ್ರೆಮೆನ್‌ನಲ್ಲಿ ತಯಾರಾಗುತ್ತಿದ್ದ ಮಾದರಿ ಅದು.

ಬೆಂಜ್ ಕಾರು, ಕಾರಾಗಿಯೇ ಭಾರತಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅದಕ್ಕೂ ಮುಂಚೆ ಆಮದಾದ ಕೆಲವು ಕಾರುಗಳು ಅರಮನೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಇದ್ದವು ನಿಜ. ಆರ್ಥಿಕ ಉದಾರೀಕರಣದ ಬೆನ್ನಿಗೆ 1994ರಲ್ಲಿ ಟೆಲ್ಕೊ ಜೊತೆಗೂಡಿ ಮರ್ಸಿಡಿಸ್ ಬೆಂಜ್ ಇಂಡಿಯಾ ಸ್ಥಾಪನೆಯಾಯಿತು. 1995ರಲ್ಲಿ ಪುಣೆಯಲ್ಲಿ ಜೋಡಿಸಿದ ‘ಇ 220’, ‘ಇ 250 ಡಿ’ ಕಾರುಗಳು ಮಾರುಕಟ್ಟೆಗೆ ಬಂದವು. ‘ಡಬ್ಲ್ಯೂ 124’ ಎಂಬ ಪೀಳಿಗೆಯ ಕಾರುಗಳಿವು. ಇದು ಹುಟ್ಟಿದ್ದು 1984ರಲ್ಲಿ. ಭಾರತದಲ್ಲಿ ಬಿಡುಗಡೆಯಾದ ವರ್ಷವೇ ಯುರೋಪಿನಲ್ಲಿ ಇದರ ಜಾಗಕ್ಕೆ ನಾಲ್ಕು ದುಂಡು ದೀಪಗಳ ‘ಡಬ್ಲ್ಯೂ 210’ ಬಂತು. ಅಲ್ಲಿ ಹಳತಾದ ಮಾಲನ್ನು ಇಲ್ಲಿ ಹೊಸದೆಂದು ಮಾರುತ್ತಿದ್ದಾರೆ ಎಂಬ ಟೀಕೆ ಆಗ ಜೋರಾಗಿಯೇ ಕೇಳಿಬಂತು. ತಮಾಷೆಯೆಂದರೆ ಕಾಲ ಕಳೆದಂತೆ ತೀರ್ಪು ತಿರುಗಿಬಿತ್ತು. ಹೊಸ ಡಬ್ಲ್ಯೂ 210 ಯುರೋಪಿನಲ್ಲಿ ತುಕ್ಕಿಗೆ ಕುಖ್ಯಾತವಾಯಿತು. ಹಳೆಯ 124 ಮಾತ್ರ ಗಟ್ಟಿತನಕ್ಕೆ ಹೆಸರಾಗಿ ಹಳೆಯ ಕಾರಿನ ಪ್ರಿಯರು ಹುಡುಕಿ ಕೊಳ್ಳುವ ವಸ್ತುವಾಯಿತು. ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. 1990ರ ದಶಕದ ಆರಂಭದ ಕೆಲವು ಬೆಂಜ್ ಎಂಜಿನ್ನುಗಳ ವೈರಿಂಗಿಗೆ, ಪರಿಸರಕ್ಕೆ ಒಳ್ಳೆಯದೆಂದು, ಬೇಗ ಮಣ್ಣಾಗುವಂಥ ಹೊದಿಕೆ ಹಾಕಿದ್ದರು. ಅದು ಎಂಜಿನ್ನಿನ ಬಿಸಿಗೆ ಪುಡಿಪುಡಿಯಾಗಿ ಉದುರತೊಡಗಿತು.

ಇ 250 ಡಿ ಕಾರಿನ ಐದು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿ ಅದೇ ಪುಟ್ಟ ಕೋಣೆ ಇತ್ತು. ಮೆಟಡೋರ್ ಬಿಚ್ಚಿದ ಮೇಸ್ತ್ರಿಗೆ ಅದರ ವಂಶದ ಪರಿಚಯ ಸಿಕ್ಕೇ ಸಿಗುತ್ತಿತ್ತು. ಆ ಪರಿಚಯ ಕಡಿದುಬಿದ್ದದ್ದು ಮುಂದಿನ ಹೆಜ್ಜೆಯಲ್ಲಿ. 1997ರಲ್ಲಿ ಬೆಂಜ್ ಕಂಪನಿ ‘ಸಿಡಿಐ’ ಎಂಬ ಹೊಸ ಡೀಸೆಲ್ ಕಾರು ತಂದಿತು. ಪುಟ್ಟ ಕೋಣೆ ಹೋಯಿತು. ಎಲ್ಲ ನಾಝಲ್ಲುಗಳಿಗೂ ಒಂದೇ ಕೊಳವೆಯಲ್ಲಿ ಸದಾ ಒತ್ತಡದಲ್ಲಿ ಡೀಸೆಲ್ ಕಾದಿರುತ್ತದೆ. ಯಾವ ಕ್ಷಣಕ್ಕೆ ಎಷ್ಟು ಚಿಮ್ಮಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಇದೇ ‘ಕಾಮನ್ ರೈಲ್’. ಒತ್ತಡ 120 ಬಾರಿನಿಂದ 1,350 ಬಾರಿಗೆ ಜಿಗಿಯಿತು, ಮುಂದಿನ ವರ್ಷಗಳಲ್ಲಿ 2,000 ದಾಟಿತು. ಕೈಪಂಪಿನ ಮಾತು ಮುಗಿಯಿತು. ನಟ್ಟು ಸಡಿಲಿಸಿ ಸಿಲಿಂಡರು ಪರೀಕ್ಷಿಸುವ ಹಳೆಯ ಉಪಾಯವನ್ನು ಇಲ್ಲಿ ಪ್ರಯೋಗಿಸಿದರೆ ಸಂದಿಯಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿಕೊಂಡು ಮಾಂಸದೊಳಗೆ ಹೋಗಬಲ್ಲದು. ಒಂದು ಕಾಲಕ್ಕೆ ಮೇಸ್ತ್ರಿಯ ಜಾಣತನವೆನಿಸಿದ್ದ ಕೆಲಸ ಈಗ ಪ್ರಾಣಕ್ಕೆ ಕುತ್ತು.

ಇದಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಕಾಣದಂತೆ ನಡೆಯಿತು. ಹಳೆಯ ಗಾಡಿಯಲ್ಲಿ ದೀಪಕ್ಕೊಂದು ತಂತಿ, ಹಾರನ್ನಿಗೊಂದು ತಂತಿ. ತಂತಿ ಹಿಡಿದು ಹೊರಟರೆ ರೋಗ ಸಿಗುತ್ತಿತ್ತು. ಬಾಷ್ ಕಂಪನಿ 1986ರಲ್ಲಿ ‘ಕ್ಯಾನ್’ ಎಂಬ ವ್ಯವಸ್ಥೆಯನ್ನು ಲೋಕಕ್ಕೆ ಪರಿಚಯಿಸಿತು. ಅದರಲ್ಲಿ ಎಂಜಿನ್ನು, ಗೇರು, ಬ್ರೇಕುಗಳ ಪುಟ್ಟ ಕಂಪ್ಯೂಟರುಗಳು ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಮಾತನಾಡಿಕೊಳ್ಳುತ್ತವೆ. ಅದನ್ನು ಅಳವಡಿಸಿಕೊಂಡ ಮೊದಲ ಕಾರುಗಳಲ್ಲಿ 1990ರ ದಶಕದ ಆರಂಭದ ಬೆಂಜ್ ‘ಎಸ್ ಕ್ಲಾಸ್’ ಪ್ರಮುಖವಾದುದು. ಅಲ್ಲಿಂದಾಚೆಗೆ ಬಿಡಿಭಾಗ ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಆ ಭಾಗವನ್ನು ಕಾರಿನ ಕಂಪ್ಯೂಟರು ಗುರುತಿಸಿ ‘ನೀನು ನಮ್ಮವನು’ ಎಂದು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಸುವ ಕೀಲಿಕೈ ಇರುವುದು ಕಂಪನಿಯ ಬಳಿ, ಅದರ ಅಧಿಕೃತ ವರ್ಕ್‌ಷಾಪಿನ ಬಳಿ.

ಇದನ್ನೆಲ್ಲ ಕಂಪನಿಯ ಕುಟಿಲ ಹಂಚಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕು 1978ರಲ್ಲಿ, ಏರ್‌ಬ್ಯಾಗು 1981ರ ಹೊತ್ತಿಗೆ, ಕಾರು ಅಡ್ಡಜಾರದಂತೆ ಹಿಡಿಯುವ ಇಎಸ್‌ಪಿ 1995ರಲ್ಲಿ, ಎಲ್ಲವೂ ಬೆಂಜ್ ಕಾರುಗಳಲ್ಲಿ ಬಂದವು, ಮುಂದೆ ಉಳಿದ ಕಾರುಗಳಲ್ಲೂ ವ್ಯಾಪಕವಾದವು. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರ ಪರೀಕ್ಷೆಯೊಂದರಲ್ಲಿ ಬೆಂಜ್‌ನ ಹೊಸ ‘ಎ ಕ್ಲಾಸ್’ ಕಾರು ತಿರುವಿನಲ್ಲಿ ಮಗುಚಿಬಿತ್ತು. ಕಂಪನಿಯ ಮಾನ ಉಳಿಸಿದ್ದು ಇದೇ ಇಎಸ್‌ಪಿ. ಹೊಗೆಯ ಮಾತಂತೂ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತುಮಕೂರು ರಸ್ತೆಯ ಆ ಕಪ್ಪು ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಅಲ್ಲಿಯ ಮೇಸ್ತ್ರಿಗಳೇ. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಬಿಎಸ್ 6 ನಿಯಮವನ್ನು ಹಳೆಯ ಓಎಂ 616 ಯಾವ ರಿಪೇರಿಯಿಂದಲೂ ಮುಟ್ಟಲಾರದು. ಶುದ್ಧ ಗಾಳಿ ಬೇಕೆಂದರೆ ಕಂಪ್ಯೂಟರಿನ ಕಣ್ಗಾವಲು ಬೇಕೇ ಬೇಕು.

ಆದರೆ ಕಂಪ್ಯೂಟರು ಬೇಕಾದ ಮಾತ್ರಕ್ಕೆ ಅದರ ಬೀಗವೂ ಬೇಕೆಂದೇನಿಲ್ಲ. ವಿವಾದ ಇರುವುದು ಈ ಬೀಗದ ಕುರಿತು. ಯುರೋಪಿನ ಕಾನೂನು 2007ರಿಂದಲೇ ಕಾರು ಕಂಪನಿಗಳು ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ವಿಧಿಸಿದೆ, ಸೂಕ್ತ ಶುಲ್ಕ ಪಡೆಯಲು ಅಡ್ಡಿಯಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಇಂಥದೇ ಕಾನೂನನ್ನು ಭಾರಿ ಬಹುಮತದಿಂದ ಒಪ್ಪಿದರು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ಮೋಟಾರು ವಾಹನವನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಶುರುವಾಯಿತು. ಯುರೋಪಿನಂತೆ ಕಡ್ಡಾಯ ಮಾಡುವ ಕಾನೂನಿನ ಬಲ ಅದಕ್ಕಿಲ್ಲ.

ಈ ಕಥೆಯಲ್ಲಿ ಬೆಂಗಳೂರಿಗೆ ಮಾತ್ರ ಸಲ್ಲುವ ಒಂದು ವಿಚಿತ್ರವಿದೆ. ಪುಣೆಯಲ್ಲಿ ಮೊದಲ ಕಾರು ಹೊರಬಂದ ಮರುವರ್ಷ, 1996ರಲ್ಲಿ, ಡೈಮ್ಲರ್ ಬೆಂಜ್ ಬೆಂಗಳೂರಿನಲ್ಲಿ ಚಿಕ್ಕದೊಂದು ಸಂಶೋಧನಾ ಕೇಂದ್ರ ತೆರೆಯಿತು. ನಗರದ ಪೂರ್ವಕ್ಕೆ ವೈಟ್‌ಫೀಲ್ಡ್ ಕಡೆ ಬೆಳೆದ ಅದು ಇಂದು ಜರ್ಮನಿಯ ಹೊರಗೆ ಮರ್ಸಿಡಿಸ್ ಬೆಂಜ್‌ನ ಅತಿ ದೊಡ್ಡ ಸಂಶೋಧನಾ ಕೇಂದ್ರ. ಕಾರಿನ ಕಂಪ್ಯೂಟರುಗಳು ಆಡುವ ಭಾಷೆಯ ಒಂದು ಪಾಲು ಇಲ್ಲಿಯೇ ಬರೆದದ್ದು. ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಬಾಷ್ ಕೂಡ ಈ ನಗರದಲ್ಲಿ ಸಾವಿರಾರು ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಇಟ್ಟುಕೊಂಡಿದೆ. ಹಳೆಯ ಬೆಂಜ್‌ನ ನಕ್ಷೆ ಆರು ಸಾವಿರ ಕಿಲೋಮೀಟರಿಗೂ ದೂರದಿಂದ ಬಂದರೂ ಯಶವಂತಪುರದ ಮೇಸ್ತ್ರಿಗೆ ಅದು ಅರ್ಥವಾಗುತ್ತಿತ್ತು. ಹೊಸ ಬೆಂಜ್‌ನ ಒಳಗುಟ್ಟಿನ ಒಂದಂಶ ಅವನದೇ ಊರಿನಲ್ಲಿ, ಬಹುಶಃ ಅವನದೇ ಬಡಾವಣೆಯ ಹುಡುಗಿಯೊಬ್ಬಳ ಕೈಯಲ್ಲಿ ತಯಾರಾಗುತ್ತದೆ. ಅದು ಅವನಿಗೆ ತಲುಪುವುದಿಲ್ಲ. ಹೆಬ್ಬಾಳದಿಂದ ಹೊರವರ್ತುಲ ರಸ್ತೆಯುದ್ದಕ್ಕೂ ಅಂಥ ಎಂಜಿನಿಯರುಗಳನ್ನು ಕೆಲಸಕ್ಕೆ ಒಯ್ಯುವ ಟಿಟಿಗಳು ಮಾತ್ರ ಹಳೆಯ ಬ್ರೆಮೆನ್ ವ್ಯಾನಿನ ಮೊಮ್ಮಕ್ಕಳು. ಆ ಟಿಟಿಗಳನ್ನು ಕಟ್ಟುವ, ಈಗ ‘ಫೋರ್ಸ್ ಮೋಟಾರ್ಸ್’ ಎಂದು ಹೆಸರು ಬದಲಿಸಿಕೊಂಡಿರುವ ಅದೇ ಬಜಾಜ್ ಟೆಂಪೋ, ಭಾರತದ ಬೆಂಜ್ ಕಾರುಗಳಿಗೆ 1997ರಿಂದ ಎಂಜಿನ್ ಜೋಡಿಸಿ ಕೊಡುತ್ತಿದೆ.

ಲಾರಿಯಲ್ಲೂ ಬೆಂಜ್ ಹೆಸರು ಮರಳಿ ಬಂತು. ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಿಂದ 2012ರಲ್ಲಿ ಹೊರಟ ‘ಭಾರತ್‌ಬೆಂಜ್’ ಲಾರಿಗಳು ತುಮಕೂರು ರಸ್ತೆಯಲ್ಲೀಗ ಸಾಮಾನ್ಯ ದೃಶ್ಯ. ಹಳೆಯ ‘ಟಾಟಾ ಬೆಂಜ್’ ನೆನಪನ್ನು ಕಂಪನಿ ಆ ಹೆಸರಿನಲ್ಲಿ ಬಳಸಿಕೊಂಡಿರಬಹುದು. ಕಾರುಗಳ ಸಾಲಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಜೋಡಿಸಿದ ‘ಇಕ್ಯೂಎಸ್’ ಎಂಬ ವಿದ್ಯುತ್ ಕಾರು ಬಂತು. ಇದರಲ್ಲಿ ಬೆರಗುಪಡಿಸುವ ಸಂಗತಿ ಒಂದಿದೆ. ಅದರ ಬಾನೆಟ್ಟನ್ನು ಮಾಲೀಕ ಎತ್ತುವಂತಿಲ್ಲ. ಅದನ್ನು ತೆರೆಯುವುದು ಕಂಪನಿಯ ತಂತ್ರಜ್ಞರ ಕೆಲಸ. ಮುಂದಿನ ಗಾಜು ತೊಳೆಯುವ ನೀರು ತುಂಬಲು ಚಕ್ರದ ಮೇಲಿನ ಮಡ್ಗಾರ್ಡಿನಲ್ಲಿ ಒಂದು ಪುಟ್ಟ ಬಾಗಿಲು ಕೊಟ್ಟಿದ್ದಾರೆ, ಅಷ್ಟೆ. ಬರ್ತಾ ಬೆಂಜ್ ಇಂದು ಹೊರಟರೆ ಅವಳ ಟೊಪ್ಪಿಗೆಯ ಪಿನ್ನಿಗೆ ಕೆಲಸವಿರುವುದಿಲ್ಲ.

ಯಶವಂತಪುರದ ಗ್ಯಾರೇಜುಗಳು ಕೈಕಟ್ಟಿ ಕುಳಿತಿಲ್ಲ. ಮೇಲೆ ಮೆಟ್ರೋ ಓಡುವ ತುಮಕೂರು ರಸ್ತೆಯ ಕೆಳಗೆ, ಅಡ್ಡರಸ್ತೆಗಳಲ್ಲಿ, ಹಳೆಯ ಮೇಸ್ತ್ರಿಗಳ ಮಕ್ಕಳು ಚೀನಾದಲ್ಲಿ ತಯಾರಾದ ಸ್ಕ್ಯಾನರುಗಳನ್ನು ಕೊಂಡಿಟ್ಟುಕೊಂಡಿದ್ದಾರೆ. ಡ್ಯಾಷ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಅಂಕೆಗಳು ಮೂಡುತ್ತವೆ. ‘ಪಿ 0401’ ಎಂದು ಬಂದರೆ ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಹಿಂದಿರುಗಿಸುವ ದಾರಿಯಲ್ಲಿ ಹರಿವು ಸಾಲದು ಎಂದು ಅರ್ಥ. ಆ ವಾಲ್ವು ಕಂಪ್ಯೂಟರಿನ ಆಣತಿಯಂತೆ ತೆರೆದು ಮುಚ್ಚುವುದು ನಿಜ, ಆದರೆ ಅದು ಕಟ್ಟಿಕೊಳ್ಳುವುದು ಹಳೆಯ ಕಾಲದ ಮಸಿಯಿಂದಲೇ. ಹುಡುಗ ಅದನ್ನು ಬಿಚ್ಚಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯ ಬದಲು ಸ್ಪ್ರೇ ಹೊಡೆದು ತೊಳೆದು, ಮತ್ತೆ ಕೂರಿಸಿ, ಪರದೆಯ ಮೇಲಿನ ಅಂಕೆಯನ್ನು ಅಳಿಸುತ್ತಾನೆ.